ಡೆಸ್ಕ್‌ನವರ ಫೋನೂ ಘಟ್ಟದ ನೆಟ್‌ವರ್ಕೂ

ಪ್ರಶ್ನೆ: ನಾನು ಕುಮಟಾದಲ್ಲಿದ್ದುಕೊಂಡು ಒಂದು ಕನ್ನಡ ಸುದ್ದಿ ಚಾನೆಲ್‌ಗೆ ಕೆಲಸ ಮಾಡುತ್ತೇನೆ. ನಾನು ಮತ್ತು ಒಬ್ಬ ಕ್ಯಾಮೆರಾಮನ್, ಇಬ್ಬರೇ. ದೊಡ್ಡ ಸುದ್ದಿ ಆದ ದಿನ ಬೆಂಗಳೂರಿನಿಂದ ಒಂದರ ಮೇಲೊಂದು ಫೋನ್ ಬರುತ್ತದೆ, ಶೂಟ್ ಮಾಡಲಿಕ್ಕೇ ಪುರುಸೊತ್ತು ಸಿಗುವುದಿಲ್ಲ. ಲೈವ್‌ನಲ್ಲಿ ಆಂಕರ್ ಮಾತೂ ನನ್ನ ಮಾತೂ ಒಂದರ ಮೇಲೊಂದು ಬೀಳುತ್ತವೆ, ನನ್ನ ದನಿಯೇ ಕಿವಿಗೆ ವಾಪಸ್ ಬರುತ್ತದೆ. ಘಟ್ಟದಲ್ಲಿ ಲೈನ್ ಕಟ್ಟಾದರೆ ಬೈಗುಳ ಬೇರೆ. ಲೈವ್ ಬ್ಯಾಕ್‌ಪ್ಯಾಕ್, ಅಂದರೆ ಹಲವು ಸಿಮ್ ಹಾಕಿ ಲೈವ್ ಕಳಿಸುವ ಬೆನ್ನುಚೀಲದ ಯಂತ್ರ, ಕೊಡಿ ಎಂದು ಕೇಳಬೇಕು ಅಂತಿದ್ದೇನೆ. ಅದರಿಂದ ಇದೆಲ್ಲ ಸರಿಹೋಗುತ್ತದಾ?

ಉತ್ತರ: ಕೊನೆಯದಕ್ಕೆ ಮೊದಲು ಹೇಳಿಬಿಡುತ್ತೇನೆ. ಬ್ಯಾಕ್‌ಪ್ಯಾಕ್ ಬಂದರೆ ಚಿತ್ರ ಚೆನ್ನಾಗಿ ಹೋಗುತ್ತದೆ. ಫೋನ್ ಕಾಟ ಹಾಗೇ ಇರುತ್ತದೆ, ಬೈಗುಳವೂ ಹಾಗೇ ಇರುತ್ತದೆ. ಯಾಕೆಂದರೆ ನೀವು ಬರೆದದ್ದರಲ್ಲಿ ಅರ್ಧ ಮಾತ್ರ ನೆಟ್‌ವರ್ಕ್ ತೊಂದರೆ. ಉಳಿದರ್ಧ, ಯಾರು ಯಾರಿಗೆ ಯಾವಾಗ ಏನು ಹೇಳಬೇಕು ಅನ್ನುವುದನ್ನು ಮೊದಲೇ ಮಾತಾಡಿಕೊಳ್ಳದ ತೊಂದರೆ. ಅದಕ್ಕೆ ದುಡ್ಡು ಬೇಕಾಗಿಲ್ಲ, ಒಂದು ಅರ್ಧ ತಾಸಿನ ಮಾತುಕತೆ ಬೇಕು. ಆದರೆ ಅದು ಸುದ್ದಿ ಇಲ್ಲದ ದಿನ ಆಗಬೇಕು. ಗುಡ್ಡ ಕುಸಿದ ಮೇಲೆ ಯಾರಿಗೂ ಅರ್ಧ ತಾಸು ಇರುವುದಿಲ್ಲ.

ನಾನು ಕರಾವಳಿಯಲ್ಲಿ ಮೈಕ್ ಹಿಡಿದೂ ಕೆಲಸ ಮಾಡಿದ್ದೇನೆ, ಬೆಂಗಳೂರಿನ ಡೆಸ್ಕ್‌ನಲ್ಲಿ, ಅಂದರೆ ಬಂದ ಸುದ್ದಿಯನ್ನು ಪ್ರಸಾರಕ್ಕೆ ಸಿದ್ಧ ಮಾಡುವ ಕಡೆ, ಕೂತೂ ಮಾಡಿದ್ದೇನೆ. ಹಾಗಾಗಿ ಎರಡೂ ಕಡೆಯವರ ಸಿಟ್ಟು ನನಗೆ ಗೊತ್ತು. ಡೆಸ್ಕ್‌ನಲ್ಲಿ ಕೂತವನು ಸುಮ್ನೆ ನಿಮ್ಮನ್ನು ಪೀಡಿಸಬೇಕು ಅಂತ ಫೋನ್ ಮಾಡುವುದಿಲ್ಲ. ಅವನ ಎದುರು ಆರೇಳು ಟಿವಿ ಓಡುತ್ತಿರುತ್ತವೆ, ಎಲ್ಲ ಬೇರೆ ಚಾನೆಲ್‌ಗಳು. ಅದರಲ್ಲೊಂದರಲ್ಲಿ ಬ್ರೇಕಿಂಗ್ ಪ್ಲೇಟ್ ಬಿದ್ದ ಕೂಡಲೇ ಹಿಂದಿನಿಂದ ಯಾರೋ ಕೂಗುತ್ತಾರೆ, "ಅವರಲ್ಲಿ ಬರ್ತಾ ಇದೆ, ನಮ್ಮಲ್ಲಿ ಯಾಕಿಲ್ಲ?" ಅವನಿಗೆ ಆ ಕ್ಷಣಕ್ಕೆ ಗೊತ್ತಿರುವ ದಾರಿ ಒಂದೇ, ನಿಮಗೆ ಫೋನ್ ಮಾಡುವುದು. ಅದೇ ಹೊತ್ತಿಗೆ ಸುದ್ದಿ ತರಿಸಿಕೊಳ್ಳುವ ಇನ್‌ಪುಟ್ ಡೆಸ್ಕ್‌ನವರಿಗೆ ವಿಶುವಲ್ ಬೇಕು, ಬುಲೆಟಿನ್ ಪ್ರೊಡ್ಯೂಸರ್‌ಗೆ ಫೋನೋ (ಫೋನಿನಲ್ಲೇ ಹೇಳುವ ವರದಿ) ಬೇಕು, ಪ್ರಸಾರ ನಿಯಂತ್ರಿಸುವ ಕೋಣೆಯಾದ ಪಿಸಿಆರ್‌ನವರಿಗೆ ಲೈವ್ ಟೆಸ್ಟ್ ಬೇಕು, ಡಿಜಿಟಲ್‌ನವರಿಗೆ ಫೋಟೊ ಮತ್ತು ನಾಲ್ಕು ಸಾಲು ಬೇಕು. ಇವರೆಲ್ಲ ಒಂದೇ ಮಹಡಿಯಲ್ಲಿ ಇರುತ್ತಾರೆ. ಆದರೂ ಒಬ್ಬರಿಗೊಬ್ಬರು ಕೇಳುವುದಿಲ್ಲ, ಎಲ್ಲರೂ ನಿಮ್ಮನ್ನೇ ಕೇಳುತ್ತಾರೆ. ಎಂಟು ಹೆಜ್ಜೆ ನಡೆದು ಪಕ್ಕದ ಟೇಬಲ್ಲಿಗೆ ಹೋಗುವುದಕ್ಕಿಂತ ನಾನೂರೈವತ್ತು ಕಿಲೋಮೀಟರ್ ದೂರದ ಕುಮಟಾಕ್ಕೆ ಫೋನ್ ಮಾಡುವುದು ಅವರಿಗೆ ಸುಲಭ!

ನಮ್ಮ ಕಡೆಯವರಿಗೆ ಇದನ್ನು ಯಕ್ಷಗಾನದ ಲೆಕ್ಕದಲ್ಲಿ ಹೇಳಿದರೆ ಬೇಗ ಹಿಡಿಯುತ್ತದೆ. ವೇಷ ಕಟ್ಟಿಕೊಂಡವನು ಎಷ್ಟೇ ಗಟ್ಟಿಗನಾಗಲಿ, ರಂಗದಲ್ಲಿ ಒಬ್ಬ ಭಾಗವತರ ತಾಳಕ್ಕೇ ಕುಣಿಯಬೇಕು. ಐದು ಜನ ಐದು ಕಡೆಯಿಂದ ತಾಳ ಹಾಕಿದರೆ ಕುಣಿತ ಕೆಟ್ಟಿತು ಅಂತ ವೇಷಧಾರಿಯನ್ನು ಬೈದು ಏನು ಪ್ರಯೋಜನ?

ಹಾಗಾಗಿ ಮೊದಲ ಕೆಲಸ ಇದು. ನಿಮ್ಮ ಇನ್‌ಪುಟ್ ಮುಖ್ಯಸ್ಥರಿಗೆ ಹೇಳಿ, ದೊಡ್ಡ ಸುದ್ದಿ ಆದ ದಿನ ನನ್ನ ಜೊತೆ ಮಾತಾಡಲಿಕ್ಕೆ ಒಬ್ಬರನ್ನು ಕೊಡಿ, ಆ ಪಾಳಿ ಮುಗಿಯುವವರೆಗೆ ಅವರೊಬ್ಬರೇ. ಯಾರಿಗೆ ಏನು ಬೇಕಾದರೂ ಅವರಿಗೆ ಹೇಳಲಿ, ಅವರು ನನಗೆ ಹೇಳಲಿ. ಆ ಒಬ್ಬರು ಹೊಸಬರಾದರೆ ಪ್ರಯೋಜನವಿಲ್ಲ. ಹಿರಿಯ ಆಂಕರ್ ಬಂದು ಈಗಲೇ ಲೈವ್ ಬೇಕು ಎಂದು ಕೂತರೆ, "ಈಗ ಆಗಲ್ಲ ಸಾರ್, ಅವರು ದೋಣಿಯಲ್ಲಿದ್ದಾರೆ, ಹನ್ನೊಂದೂ ಕಾಲಿಗೆ ಸಿಗ್ತಾರೆ" ಎಂದು ಹೇಳುವ ಧೈರ್ಯ ಅವರಿಗೆ ಇರಬೇಕು. ಈ ಮಾತನ್ನು ನಿಮ್ಮಂಥ ಜಿಲ್ಲೆಯ ವರದಿಗಾರರು ಹೇಳಿದರೆ ಉದ್ಧಟತನ ಎನ್ನುತ್ತಾರೆ. ಡೆಸ್ಕ್‌ನ ಒಳಗಿನವರು ಹೇಳಿದರೆ ಕೇಳುತ್ತಾರೆ. ಅನ್ಯಾಯವೇ, ಆದರೆ ಇರುವುದು ಹಾಗೆ.

ಪ್ರತಿಯಾಗಿ ನೀವು ಒಂದು ಮಾತು ಕೊಡಬೇಕು. ಸುದ್ದಿ ಇರಲಿ ಇಲ್ಲದಿರಲಿ, ಹೇಳಿದ ಹೊತ್ತಿಗೆ ಒಂದು ಸಂದೇಶ. ಮೊದಲ ಎರಡು ತಾಸು 15 ನಿಮಿಷಕ್ಕೊಂದು, ಆಮೇಲೆ ಅರ್ಧ ತಾಸಿಗೊಂದು. "ಹೊಸದೇನಿಲ್ಲ, ಕಾರ್ಯಾಚರಣೆ ನಡೆಯುತ್ತಿದೆ" ಎಂದಿದ್ದರೂ ಸರಿ, ಕಳಿಸಿ. ಡೆಸ್ಕ್‌ನವರು ಪದೇ ಪದೇ ಫೋನ್ ಮಾಡುವುದು ಹೆಚ್ಚಾಗಿ ನೀವು ಸುಮ್ಮನಾದಾಗ. ನೀವು ಸುಮ್ಮನಿದ್ದರೆ ಅವರು ಏನೇನೋ ಊಹಿಸಿಕೊಳ್ಳುತ್ತಾರೆ: ಮಲಗಿರಬೇಕು, ಚಹಾ ಕುಡಿಯುತ್ತಿರಬೇಕು, ಇಲ್ಲಾ ದೊಡ್ಡದೇನೋ ಆಗಿ ಓಡಿರಬೇಕು. 15 ನಿಮಿಷಕ್ಕೆ ಸಂದೇಶ ಬರುತ್ತದೆ ಎಂದು ಖಾತ್ರಿಯಾದರೆ ಹತ್ತನೇ ನಿಮಿಷಕ್ಕೆ ಫೋನ್ ಮಾಡುವವರು ಕಡಿಮೆ. ಪೂರ್ತಿ ನಿಲ್ಲುತ್ತದೆ ಅಂತ ನಾನು ಹೇಳುತ್ತಿಲ್ಲ.

ಪಾಳಿ ಬದಲಾಗುವ ಹೊತ್ತು ಅಂತ ಒಂದಿದೆ ನೋಡಿ, ಅದು ಬಹಳ ತ್ರಾಸು. ಮಧ್ಯಾಹ್ನದ ಪಾಳಿಯವರು ಬಂದು ಕೂತ ತಕ್ಷಣ ಬೆಳಿಗ್ಗೆಯಿಂದ ಕೇಳಿದ್ದನ್ನೆಲ್ಲ ಮತ್ತೆ ಕೇಳುತ್ತಾರೆ. ಅದಕ್ಕೊಂದು ಉಪಾಯ ಇದೆ. ಪಾಳಿ ಬದಲಾಗುವುದಕ್ಕೆ ಹತ್ತು ನಿಮಿಷ ಮೊದಲೇ ನೀವೇ ಅಲ್ಲಿಯವರೆಗಿನದನ್ನು ಒಂದೇ ಸಂದೇಶದಲ್ಲಿ ಬರೆದು ಗ್ರೂಪಿಗೆ ಹಾಕಿ. ಬೆಳಿಗ್ಗೆಯಿಂದ ಯಾವ ವಿಡಿಯೋ ಕಳಿಸಿದ್ದೇನೆ, ಯಾರ ಬೈಟ್ (ಕ್ಯಾಮೆರಾ ಮುಂದೆ ಆಡಿದ ಮಾತು) ಇದೆ, ಯಾವ ಲೆಕ್ಕ ಹಳೆಯದಾಗಿದೆ, ಇನ್ನು ಎಲ್ಲಿಗೆ ಹೋಗುತ್ತೇನೆ. ಆಮೇಲೆ ಯಾರು ಫೋನ್ ಮಾಡಿದರೂ "ಗ್ರೂಪಿನಲ್ಲಿ ಎರಡು ಗಂಟೆಗೆ ಹಾಕಿದ್ದನ್ನು ನೋಡಿ" ಎಂದರಾಯಿತು.

ಇನ್ನು ಮೊದಲ ಸಂದೇಶದ ವಿಷಯ. ಇದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ, ಯಾಕೆಂದರೆ ಆಮೇಲಿನ ಗೊಂದಲಗಳಲ್ಲಿ ಬಹಳಷ್ಟು ಇಲ್ಲೇ ಹುಟ್ಟುತ್ತವೆ.

2024ರ ಆಗಸ್ಟ್ 7ರ ನಡುರಾತ್ರಿ ಕಾರವಾರದಲ್ಲಿ ಕಾಳಿ ಸೇತುವೆ ಕುಸಿದದ್ದು ನಿಮಗೆ ಗೊತ್ತೇ ಇದೆ. ಆಗ ಅಲ್ಲಿ ಇದ್ದದ್ದು ಒಂದು ಸೇತುವೆ ಅಲ್ಲ, ಪಕ್ಕಪಕ್ಕ ಎರಡು. ಕುಸಿದದ್ದು ಹಳೆಯದು. ಕಾರವಾರದವನಿಗೆ ಇದು ಹೇಳಬೇಕಾದ ವಿಷಯವೇ ಅಲ್ಲ. ಆದರೆ ಬೆಂಗಳೂರಿನಲ್ಲಿ ರಾತ್ರಿ ಪಾಳಿಯಲ್ಲಿ ಒಂದಿಬ್ಬರೇ ಕೂತಿರುತ್ತಾರೆ, "ಕಾಳಿ ಸೇತುವೆ ಕುಸಿತ" ಎಂದಷ್ಟೇ ಬಂದರೆ ಅವರು "ಕರ್ನಾಟಕ–ಗೋವಾ ಸಂಪರ್ಕ ಸಂಪೂರ್ಣ ಬಂದ್" ಅಂತ ಹೊಡೆದುಬಿಡುವುದು ಸಹಜ. ಹಳೆಯದು ಅನ್ನುವ ಒಂದು ಪದ ಇದ್ದರೆ ಸುದ್ದಿಯೇ ಬೇರೆ ಆಗುತ್ತದೆ. ಅಂಥ ಸಮಯದಲ್ಲಿ ಮೊದಲ ಸಂದೇಶ ಹೀಗಿರಬೇಕು: "ಕಾರವಾರ, ಕಾಳಿ ನದಿ. ಹಳೇ ಸೇತುವೆ ಕುಸಿದಿದೆ, ಹೊಸ ಸೇತುವೆ ನಿಂತಿದೆ, ಇದು ಕಂಡದ್ದು. ಲಾರಿ ನೀರಿಗೆ ಬಿದ್ದಿದೆ, ಇದು ಪೊಲೀಸರು ಹೇಳಿದ್ದು. ಬೇರೆ ವಾಹನ ಬಿದ್ದಿದೆ ಎಂದು ಜನ ಹೇಳುತ್ತಿದ್ದಾರೆ, ಖಚಿತ ಇಲ್ಲ, ಹಾಕಬೇಡಿ. ಸ್ಥಳದಲ್ಲಿದ್ದೇನೆ, ಮುಂದಿನ ಸಂದೇಶ 15 ನಿಮಿಷಕ್ಕೆ."

ಇದರಲ್ಲಿ ಮೂರು ಗುರುತು ಇವೆ ನೋಡಿ: ಕಂಡದ್ದು, ಅಧಿಕಾರಿ ಹೇಳಿದ್ದು, ಜನ ಹೇಳಿದ್ದು. ಈ ಮೂರನ್ನು ನೀವೂ ಡೆಸ್ಕ್‌ನವರೂ ಕೂತು ಒಪ್ಪಿಕೊಳ್ಳಿ. ಕಂಡದ್ದು ನೇರ ಹೋಗಲಿ. ಅಧಿಕಾರಿ ಹೇಳಿದ್ದು ಅವರ ಹುದ್ದೆ ಸಮೇತ ಹೋಗಲಿ. ಜನ ಹೇಳಿದ್ದು ಡೆಸ್ಕ್‌ನಲ್ಲೇ ಇರಲಿ, ಇನ್ನೊಂದು ಕಡೆಯಿಂದ ಗಟ್ಟಿಯಾಗುವ ತನಕ. ಸತ್ತವರ ಲೆಕ್ಕದಲ್ಲಂತೂ ಇದು ಬೇಕೇ ಬೇಕು. 2019ರ ಜನವರಿಯಲ್ಲಿ ಕೂರ್ಮಗಡ ಜಾತ್ರೆಯಿಂದ ವಾಪಸ್ ಬರುವಾಗ ದೋಣಿ ಮಗುಚಿದಾಗಿನಂಥ ದಿನಗಳಲ್ಲಿ ಲೆಕ್ಕ ಗಂಟೆಗೊಮ್ಮೆ ಬದಲಾಗುತ್ತದೆ. ದೋಣಿಯಲ್ಲಿ ಇದ್ದವರು ಎಷ್ಟು ಅನ್ನುವುದೇ ಮೊದಲಿಗೆ ಸರಿಯಾಗಿ ಗೊತ್ತಿರುವುದಿಲ್ಲ. ದಡದಲ್ಲಿ ಒಬ್ಬರು ಹೇಳಿದ್ದು ಒಂದು, ಆಸ್ಪತ್ರೆಯಲ್ಲಿ ಇನ್ನೊಂದು, ಕಂಟ್ರೋಲ್ ರೂಮಿನಲ್ಲಿ ಮತ್ತೊಂದು. ಡೆಸ್ಕ್‌ನವರು ಮೂರನ್ನೂ ಕೂಡಿಸಿಬಿಡುವ ಅಪಾಯವೂ ಇದೆ. ಹಾಗಾಗಿ ಪ್ರತಿ ಸಲ ಲೆಕ್ಕ ಕಳಿಸುವಾಗ "ಒಟ್ಟು" ಎಂದು ಬರೆಯಿರಿ, ಎಷ್ಟು ಗಂಟೆಯ ಲೆಕ್ಕ ಎಂದು ಬರೆಯಿರಿ. "ಇನ್ನೂ ಎರಡು ಸಿಕ್ಕಿವೆ" ಎಂದು ಬರೆಯಬೇಡಿ. ಆ "ಇನ್ನೂ" ಯಾವುದರ ಮೇಲೆ ಅನ್ನುವುದು ಬೆಂಗಳೂರಿನಲ್ಲಿ ಯಾರಿಗೂ ಗೊತ್ತಾಗುವುದಿಲ್ಲ.

ಊರಿನ ಹೆಸರು ಹೇಳುವಾಗ ತಾಲೂಕು ಬಿಡಬೇಡಿ. 2024ರ ಜುಲೈ 16ರಂದು ಗುಡ್ಡ ಕುಸಿದದ್ದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ, ರಾಷ್ಟ್ರೀಯ ಹೆದ್ದಾರಿ 66ರ ಮೇಲೆ. ಅದೇ ಹೆದ್ದಾರಿಯಲ್ಲಿ ದಕ್ಷಿಣಕ್ಕೆ ಹೋದರೆ ಭಟ್ಕಳ ದಾಟಿದ ಕೂಡಲೇ ಇನ್ನೊಂದು ಶಿರೂರು ಇದೆ, ಅದು ಉಡುಪಿ ಜಿಲ್ಲೆಯ ಬೈಂದೂರು ತಾಲೂಕು. 2022ರ ಜುಲೈಯಲ್ಲಿ ಅಲ್ಲಿನ ಟೋಲ್ ಗೇಟಿನಲ್ಲಿ ಆಂಬುಲೆನ್ಸ್ ಅಪಘಾತವಾಗಿ ಆ ಹೆಸರೂ ಸುದ್ದಿಯಾಗಿತ್ತು. ಒಂದೇ ಹೆಸರು, ಒಂದೇ ರಸ್ತೆ, ಎರಡು ಜಿಲ್ಲೆ. ಹಳೇ ವಿಡಿಯೋಗಳ ಲೈಬ್ರರಿಯಲ್ಲಿ ಹುಡುಕುವವನು "ಶಿರೂರು" ಎಂದು ಹೊಡೆದರೆ ಎರಡರದ್ದೂ ಬರುತ್ತದೆ. ಸಿದ್ದಾಪುರದ ಕತೆಯೂ ಹಾಗೇ. ನದಿಯದ್ದೂ ಅಷ್ಟೇ: ಘಟ್ಟದ ಮೇಲೆ ಬೇಡ್ತಿ, ಕೆಳಗೆ ಗಂಗಾವಳಿ, ನೀರು ಒಂದೇ. ಮತ್ತೆ ಬೆಂಗಳೂರಿನ ಬಹಳ ಜನಕ್ಕೆ ಉತ್ತರ ಕನ್ನಡ ಅಂದರೆ ಪೂರ್ತಿ ಕರಾವಳಿ. ಹನ್ನೆರಡು ತಾಲೂಕಿನಲ್ಲಿ ಸಮುದ್ರ ಇರುವುದು ಐದಕ್ಕೆ ಮಾತ್ರ ಎಂದು ಎಷ್ಟು ಜನಕ್ಕೆ ಗೊತ್ತು? "ಶಿರಸಿಯಲ್ಲೇ ಇದ್ದೀರಲ್ಲ, ಒಂದು ತಾಸಲ್ಲಿ ಕಾರವಾರ ಬೀಚಿಗೆ ಹೋಗಿ ಅಲೆ ತೋರಿಸಿ" ಎನ್ನುವವರು ಈಗಲೂ ಇದ್ದಾರೆ ಮಾರಾಯ್ರೇ. ದೇವಿಮನೆ ಘಟ್ಟ ಇಳಿದು ಕುಮಟಾಕ್ಕೆ ಬಂದು, ಅಲ್ಲಿಂದ ಹೆದ್ದಾರಿ ಹಿಡಿದು ಅಂಕೋಲಾ ದಾಟಿ ಹೋಗಬೇಕು, ಮಳೆಗಾಲದಲ್ಲಿ ಮೂರು ತಾಸು ಹಿಡಿದರೂ ಆಶ್ಚರ್ಯವಿಲ್ಲ. ಅವರ ಮೇಲೆ ಸಿಟ್ಟು ಮಾಡಿಕೊಂಡು ಉಪಯೋಗವಿಲ್ಲ, ನಕ್ಷೆ ಕಳಿಸಿ. ಅದರ ಬಗ್ಗೆ ಮುಂದೆ ಹೇಳುತ್ತೇನೆ.

ಅಣೆಕಟ್ಟಿನ ಲೆಕ್ಕದಲ್ಲಿ ಇನ್ನೊಂದು ತಕರಾರು ಇದೆ. ಕದ್ರಾದ ಮಟ್ಟವನ್ನು ಮೀಟರಿನಲ್ಲಿ ಹೇಳುತ್ತಾರೆ, ಪೂರ್ತಿ ತುಂಬಿದರೆ 34.50 ಮೀಟರ್. ಲಿಂಗನಮಕ್ಕಿಯದ್ದನ್ನು ಅಡಿಯಲ್ಲಿ ಹೇಳುತ್ತಾರೆ, 1819 ಅಡಿ. ಎರಡನ್ನೂ ಒಂದೇ ಗ್ರಾಫಿಕ್ಸ್‌ನಲ್ಲಿ ಹಾಕುವವನು ಎರಡಕ್ಕೂ ಅಡಿ ಎಂದೇ ಬರೆದುಬಿಡಬಹುದು. ಒಳಹರಿವು ಯಾವುದು, ಹೊರಹರಿವು ಯಾವುದು ಎಂದು ಬಿಡಿಸಿ ಬರೆಯದಿದ್ದರೆ ಅದೂ ಅದಲು ಬದಲು. ನದಿ ದಂಡೆಯ ಜನ ಟಿವಿ ನೋಡಿಕೊಂಡು ಸಾಮಾನು ಕಟ್ಟುವ ಹೊತ್ತಿನಲ್ಲಿ ಇದು ಸಣ್ಣ ತಪ್ಪಲ್ಲ.

ಈಗ ಲೈವ್‌ಗೆ ಬರೋಣ. ಮಾತಿನ ಮೇಲೆ ಮಾತು ಬೀಳುತ್ತದೆ ಎಂದಿರಲ್ಲ, ಅದು ನಿಮ್ಮ ತಪ್ಪೂ ಅಲ್ಲ, ಆಂಕರ್ ತಪ್ಪೂ ಅಲ್ಲ. ಆಂಕರ್ ಮಾತು ನಿಮಗೆ ಬರುವ ದಾರಿ ಬೇರೆ, ನಿಮ್ಮ ಚಿತ್ರ ಅಲ್ಲಿಗೆ ಹೋಗುವ ದಾರಿ ಬೇರೆ. ಆಂಕರ್ ದನಿ ನಿಮ್ಮ ಕಿವಿಗೆ ಮಾಮೂಲಿ ಫೋನ್ ಕಾಲ್‌ನಲ್ಲಿ ಬರುತ್ತದೆ, ಹೆಚ್ಚು ತಡ ಇಲ್ಲ. ನಿಮ್ಮ ಚಿತ್ರವೂ ದನಿಯೂ ಬ್ಯಾಕ್‌ಪ್ಯಾಕ್‌ನಲ್ಲೋ ಆ್ಯಪ್‌ನಲ್ಲೋ ಹೋಗುವಾಗ, ಬೇರೆ ಬೇರೆ ಸಿಮ್‌ಗಳಲ್ಲಿ ತುಂಡು ತುಂಡಾಗಿ ಹೋದದ್ದನ್ನು ಆ ಕಡೆ ಮತ್ತೆ ಜೋಡಿಸಬೇಕಲ್ಲ, ಅದಕ್ಕೆ ಒಂದೆರಡು ಸೆಕೆಂಡು ಹಿಡಿಯುತ್ತದೆ. ನೆಟ್‌ವರ್ಕ್ ಕೆಟ್ಟಷ್ಟೂ ಈ ತಡ ಜಾಸ್ತಿ ಇಡಬೇಕು, ಇಲ್ಲದಿದ್ದರೆ ಚಿತ್ರ ಒಡೆಯುತ್ತದೆ. ಓಬಿ ವ್ಯಾನ್, ಅಂದರೆ ಉಪಗ್ರಹದ ಮೂಲಕ ಲೈವ್ ಕಳಿಸುವ ಗಾಡಿ, ಆದರೆ ಸಿಗ್ನಲ್ ಸುಮಾರು 36,000 ಕಿಲೋಮೀಟರ್ ಮೇಲಿನ ಉಪಗ್ರಹಕ್ಕೆ ಹೋಗಿ ಕೆಳಗೆ ಬರಬೇಕು, ಅದಕ್ಕೆ ಕಾಲು ಸೆಕೆಂಡು, ಜೊತೆಗೆ ಯಂತ್ರಗಳ ತಡ.

ಈಗ ಏನಾಗುತ್ತದೆ ನೋಡಿ. ಆಂಕರ್ ಪ್ರಶ್ನೆ ಕೇಳಿದರು, ನೀವು ತಕ್ಷಣ ಉತ್ತರ ಶುರು ಮಾಡಿದಿರಿ. ಆದರೆ ಸ್ಟುಡಿಯೋದಲ್ಲಿ ಎರಡು ಸೆಕೆಂಡು ನೀವು ಸುಮ್ಮನೆ ನಿಂತಂತೆ ಕಾಣುತ್ತದೆ. ಕೇಳಿಸಲಿಲ್ಲವೇನೋ ಅಂತ ಆಂಕರ್ ಮತ್ತೆ ಕೇಳುತ್ತಾರೆ. ಅದು ನಿಮ್ಮ ಕಿವಿಗೆ ಬಿದ್ದು ನೀವು ನಿಲ್ಲಿಸುತ್ತೀರಿ. ನೀವು ನಿಲ್ಲಿಸಿದ್ದು ಅಲ್ಲಿಗೆ ತಡವಾಗಿ ತಲುಪುತ್ತದೆ. ಆಮೇಲೆ ಇಬ್ಬರೂ "ಹಲೋ, ಕೇಳಿಸ್ತಾ ಇದೆಯಾ", ನೋಡುವವರಿಗೆ ನಗು.

ಇದಕ್ಕೆ ಮದ್ದು ಸ್ಟುಡಿಯೋದಲ್ಲಿದೆ. ಆಂಕರ್ ಒಂದು ಪ್ರಶ್ನೆಯನ್ನು ಪೂರ್ತಿ ಕೇಳಬೇಕು, ಕೊನೆಯಲ್ಲಿ ನಿಮ್ಮ ಹೆಸರು ಹೇಳಬೇಕು, ಆಮೇಲೆ ಮೂರು ಸೆಕೆಂಡು ಬಾಯಿ ಮುಚ್ಚಿಕೊಂಡಿರಬೇಕು. ಹೆಸರು ಕೇಳಿದ ಮೇಲೆಯೇ ನೀವು ಶುರು ಮಾಡುವುದು. ಒಮ್ಮೆ ಶುರು ಮಾಡಿದ ಮೇಲೆ ಕಿವಿಯಲ್ಲಿ ಏನೇ ಬಂದರೂ ವಾಕ್ಯ ಮುಗಿಸಿ, ಅರ್ಧಕ್ಕೆ ನಿಲ್ಲಬೇಡಿ. ನಿಮ್ಮನ್ನು ನಿಲ್ಲಿಸಬೇಕಾದರೆ ಪಿಸಿಆರ್‌ನವರು ಟಾಕ್‌ಬ್ಯಾಕ್‌ನಲ್ಲಿ, ಅಂದರೆ ನಿಮ್ಮ ಕಿವಿಗೆ ಬರುವ ಆ ಕಾಲ್‌ನಲ್ಲಿ, "ಮುಗಿಸಿ" ಎಂದು ಒಂದೇ ಪದ ಹೇಳಲಿ. ಮಧ್ಯೆ ಬಾಯಿ ಹಾಕಿ ಪ್ರಶ್ನೆ ಕೇಳುವ ಆಂಕರ್‌ಗಳು ಸ್ಟುಡಿಯೋ ಚರ್ಚೆಯಲ್ಲಿ ಚೆನ್ನಾಗಿ ಕಾಣಬಹುದು, ಎರಡು ಸೆಕೆಂಡು ತಡ ಇರುವ ಲೈವ್‌ನಲ್ಲಿ ಆ ಚಾಳಿ ನಡೆಯುವುದಿಲ್ಲ.

ನಿಮ್ಮ ದನಿಯೇ ವಾಪಸ್ ಬರುವುದು ಬೇರೆ ತೊಂದರೆ. ಪಿಸಿಆರ್‌ನಿಂದ ನಿಮಗೆ ಕಳಿಸುವ ಆಡಿಯೋದಲ್ಲಿ ನಿಮ್ಮ ದನಿಯನ್ನು ಕಳೆದು ಉಳಿದದ್ದನ್ನು ಮಾತ್ರ ಕಳಿಸಬೇಕು. ಅದಕ್ಕೆ ಮಿಕ್ಸ್ ಮೈನಸ್ ಅನ್ನುತ್ತಾರೆ, ಕೆಲವರು ಎನ್ ಮೈನಸ್ ಒನ್ ಎನ್ನುತ್ತಾರೆ. ಆಡಿಯೋ ಎಂಜಿನಿಯರ್ ಅವಸರದಲ್ಲಿ ಪ್ರಸಾರದ ಆಡಿಯೋವನ್ನೇ ಇದ್ದ ಹಾಗೆ ನಿಮ್ಮ ಕಾಲ್‌ಗೆ ಕೊಟ್ಟರೆ, ಎರಡು ಸೆಕೆಂಡಿನ ಹಿಂದೆ ನೀವು ಆಡಿದ ಮಾತು ನಿಮಗೇ ಕೇಳುತ್ತದೆ. ಅದನ್ನು ಕೇಳಿಕೊಂಡು ಮಾತಾಡಲು ಯಾರಿಗೂ ಆಗುವುದಿಲ್ಲ, ನಾಲಿಗೆ ತೊಡರುತ್ತದೆ. ಟೆಸ್ಟ್ ಮಾಡುವಾಗಲೇ ಒಂದರಿಂದ ಐದರವರೆಗೆ ಎಣಿಸಿ, ವಾಪಸ್ ಬಂದರೆ "ನನ್ನ ದನಿ ನನಗೆ ಬರ್ತಾ ಇದೆ, ಮಿಕ್ಸ್ ಮೈನಸ್ ಕೊಡಿ" ಎಂದು ನೇರ ಹೇಳಿ. "ಎಕೋ ಇದೆ" ಎಂದರೆ ನಿಮ್ಮ ಕಡೆಯದ್ದೇ ತೊಂದರೆ ಎಂದು ತಳ್ಳಿಹಾಕುವ ಸಾಧ್ಯತೆ ಜಾಸ್ತಿ. ನಿಮ್ಮ ಕಡೆಯಿಂದ ನೋಡಬೇಕಾದದ್ದು ಇಷ್ಟೇ: ಸ್ಪೀಕರ್ ಆನ್ ಇರಬಾರದು, ಹತ್ತಿರದ ಅಂಗಡಿಯಲ್ಲಿ ನಿಮ್ಮದೇ ಚಾನೆಲ್ ಜೋರಾಗಿ ಓಡುತ್ತಿರಬಾರದು, ಯೂಟ್ಯೂಬ್ ಲೈವ್ ನೋಡಿಕೊಂಡು ಕ್ಯೂ ತೆಗೆದುಕೊಳ್ಳಬಾರದು. ಯೂಟ್ಯೂಬ್ ಎಷ್ಟೋ ಸೆಕೆಂಡು ಹಿಂದೆ ಇರುತ್ತದೆ.

ಮತ್ತೆ ಆ ಟಾಕ್‌ಬ್ಯಾಕ್ ಕಾಲ್ ಯಾವ ಫೋನಿಗೆ ಬರುತ್ತದೆ? ನಿಮ್ಮ ಮಾಮೂಲಿ ನಂಬರಿಗೇ ಬರುತ್ತಿದ್ದರೆ ಅರ್ಧ ಕತೆ ಅಲ್ಲೇ ಕೆಡುತ್ತದೆ. ಲೈವ್ ನಡೆಯುವಾಗ ಡೆಸ್ಕ್‌ನ ಇನ್ನೊಬ್ಬರು, ಪೊಲೀಸ್ ಠಾಣೆಯವರು, ಮನೆಯವರು, ಎಲ್ಲರೂ ಅದೇ ನಂಬರಿಗೆ ಮಾಡುತ್ತಾರೆ, ಕಿವಿಯಲ್ಲಿ ಟುಂಯ್ ಟುಂಯ್. ಒಂದು ಕೀಪ್ಯಾಡ್ ಫೋನ್ ತಗೊಳ್ಳಿ, ಬೇರೆ ಸಿಮ್ ಹಾಕಿ, ಆ ನಂಬರ್ ಪಿಸಿಆರ್‌ಗೆ ಬಿಟ್ಟು ಯಾರಿಗೂ ಕೊಡಬೇಡಿ. ನಿಮ್ಮ ತೊಂದರೆಗಳಲ್ಲಿ ಅತಿ ಕಡಿಮೆ ಖರ್ಚಿನಲ್ಲಿ ಸರಿಹೋಗುವುದು ಇದೇ. ಶಿರಸಿ ಮಾರಿಕಾಂಬಾ ಜಾತ್ರೆಯಂಥ ಕಡೆ, ಡೊಳ್ಳು ಮೈಕು ಎಲ್ಲ ಒಟ್ಟಿಗೆ ಇರುವಲ್ಲಿ, ಕಿವಿಯೊಳಗೆ ಬಿಗಿಯಾಗಿ ಕೂರುವ ಇಯರ್‌ಫೋನ್ ಎರಡೂ ಕಿವಿಗೆ ಹಾಕಿಕೊಳ್ಳಿ. ಅಲ್ಲಿ ಜನ ಸೇರಿದಷ್ಟೂ ಡೇಟಾ ಕುಂಟುತ್ತದೆ, ಲೈವ್ ಬೇಕಾದರೆ ಬೆಳಗ್ಗೆ ಬೇಗ ಮಾಡಿ ಮುಗಿಸಿ.

ಘಟ್ಟದ ನೆಟ್‌ವರ್ಕ್ ವಿಷಯ. ಬ್ಯಾಕ್‌ಪ್ಯಾಕ್ ಮಾಡುವುದು ಇಷ್ಟೇ, ನಾಲ್ಕಾರು ಸಿಮ್‌ಗಳ ಡೇಟಾವನ್ನು ಕೂಡಿಸಿ ಒಂದು ಮಾಡುತ್ತದೆ. ಒಂದು ಕಂಪನಿಯದ್ದು ಬಿದ್ದರೆ ಇನ್ನೊಂದು ಹಿಡಿಯುತ್ತದೆ. ಆದರೆ ಅಣಶಿ, ದೇವಿಮನೆ, ಅರಬೈಲ್‌ನಂಥ ಕಡೆ ಕೆಲವು ತಿರುವುಗಳಲ್ಲಿ ಯಾವ ಸಿಮ್‌ಗೂ ಏನೂ ಸಿಗುವುದಿಲ್ಲ. ಸೊನ್ನೆಗೆ ಸೊನ್ನೆ ಕೂಡಿಸಿದರೆ ಎಷ್ಟಾಯಿತು? ಸಿಗ್ನಲ್ ಇದ್ದ ಕಡೆಯೂ, ಮಳೆಗೆ ಕರೆಂಟ್ ಹೋಗಿ ಟವರ್ ಬ್ಯಾಟರಿ ಮುಗಿದರೆ, ಅಥವಾ ಗುಡ್ಡದ ಜೊತೆ ಕೇಬಲ್ಲೂ ಕೊಚ್ಚಿ ಹೋದರೆ, ಒಟ್ಟಿಗೆ ಎಲ್ಲ ಕಂಪನಿಗಳದ್ದೂ ನಿಲ್ಲಬಹುದು. ಶಿರೂರಿನಲ್ಲಿ ಕೇರಳದ ಲಾರಿ ಚಾಲಕರೊಬ್ಬರನ್ನು ಹುಡುಕುವಾಗ ನಮ್ಮ ಚಾನೆಲ್‌ಗಳ ಜೊತೆ ಮಲಯಾಳಂ ಚಾನೆಲ್‌ಗಳೂ ದಿನಗಟ್ಟಲೆ ಗಂಗಾವಳಿ ದಂಡೆಯಲ್ಲಿ ಕೂತಿದ್ದವು. ಅಂಥ ಜಾಗದಲ್ಲಿ ಎಲ್ಲರ ಬ್ಯಾಕ್‌ಪ್ಯಾಕ್, ಎಲ್ಲರ ಫೋನ್, ನೋಡಲು ಬಂದ ಜನರ ಫೋನ್, ಎಲ್ಲ ಅದೇ ಒಂದೆರಡು ಟವರ್ ಮೇಲೆ ಬೀಳುತ್ತವೆ. ಫೋನ್ ಪರದೆಯಲ್ಲಿ ನಾಲ್ಕು ಕಡ್ಡಿ ಕಾಣುತ್ತದೆ, ವಿಡಿಯೋ ಮಾತ್ರ ಹೋಗುವುದಿಲ್ಲ. "ಸಿಗ್ನಲ್ ಫುಲ್ ಇದೆ ಅಂತೀರಿ, ಲೈವ್ ಯಾಕೆ ಬರ್ತಿಲ್ಲ" ಎನ್ನುವವರಿಗೆ ಇದನ್ನು ಒಮ್ಮೆ ಬಿಡಿಸಿ ಹೇಳಿ. ಹಾಗಾದರೆ ಓಬಿ ವ್ಯಾನ್ ತರಿಸಿ ಎನ್ನುತ್ತಾರೆ. ವ್ಯಾನ್ ಸಾಮಾನ್ಯವಾಗಿ ಕೆಯು ಬ್ಯಾಂಡ್ ಎನ್ನುವ ತರಂಗದಲ್ಲಿ ಮೇಲಕ್ಕೆ ಕಳಿಸುತ್ತದೆ, ಜೋರು ಮಳೆ ಆ ಸಿಗ್ನಲ್ ಅನ್ನು ನುಂಗುತ್ತದೆ. ವರ್ಷಕ್ಕೆ 3000 ಮಿಲಿಮೀಟರ್ ಸುರಿಯುವ ಕರಾವಳಿಯ ಜುಲೈ ತಿಂಗಳಲ್ಲಿ ಅದನ್ನೇ ನಂಬಿ ಕೂರಲು ಆಗುವುದಿಲ್ಲ. ಮರದ ಕೆಳಗೆ ನಿಲ್ಲಿಸಿದರೂ ಆಕಾಶ ಕಾಣುವುದಿಲ್ಲ.

ಹಾಗಾಗಿ ನೆಟ್‌ವರ್ಕ್ ಇಲ್ಲದ ಜಾಗಕ್ಕೆ ಹೋಗುವ ಮೊದಲೇ ಒಂದು ಸಾಲು ಕಳಿಸುವ ರೂಢಿ ಮಾಡಿಕೊಳ್ಳಿ. "ಅರಬೈಲ್ ಘಟ್ಟದ ಒಳಗೆ ಹೋಗುತ್ತಿದ್ದೇವೆ, ಸಿಗ್ನಲ್ ಇರಲ್ಲ, 11:30ಕ್ಕೆ ಹೊರಗೆ ಬರುತ್ತೇವೆ, 12:15ರವರೆಗೂ ಸುದ್ದಿ ಇಲ್ಲದಿದ್ದರೆ ಠಾಣೆಗೆ ಫೋನ್ ಮಾಡಿ." ಠಾಣೆಯ ನಂಬರೂ ಜೊತೆಗೇ ಇರಲಿ. ಇದು ಮೊದಲು ನಿಮ್ಮ ಜೀವಕ್ಕೆ, ಆಮೇಲೆ ಬುಲೆಟಿನ್‌ಗೆ. ಮಳೆಗಾಲದಲ್ಲಿ ಕುಸಿದ ಗುಡ್ಡದ ಬುಡದಲ್ಲಿ ಇಬ್ಬರೇ ನಿಂತಿದ್ದೀರಿ, ಮತ್ತೆ ಕುಸಿದರೆ ನೀವು ಎಲ್ಲಿದ್ದಿರಿ ಎಂದಾದರೂ ಯಾರಿಗೋ ಗೊತ್ತಿರಬೇಕು ಅಲ್ವಾ? ಡೆಸ್ಕ್‌ನವರಿಗೂ ಲಾಭ ಇದೆ. 11:30ರವರೆಗೆ ನೀವು ಸಿಗುವುದಿಲ್ಲ ಎಂದು ಗೊತ್ತಾದರೆ ರನ್‌ಡೌನ್‌ನಲ್ಲಿ (ಬುಲೆಟಿನ್‌ನ ಸುದ್ದಿಗಳ ಪಟ್ಟಿಯಲ್ಲಿ) ನಿಮ್ಮ ಲೈವ್ ಇಡುವುದಿಲ್ಲ, ಆಂಕರ್ ಖಾಲಿ ಕಿಟಕಿ ನೋಡಿಕೊಂಡು "ಸಂಪರ್ಕ ಸಾಧಿಸಲು ಪ್ರಯತ್ನಿಸುತ್ತಿದ್ದೇವೆ" ಎನ್ನುವುದು ತಪ್ಪುತ್ತದೆ.

ಒಳಗೆ ಹೋದಾಗ ಲೈವ್ ಚಿಂತೆ ಬಿಡಿ. ನಡೆಯುತ್ತಾ ಜಾಗ ತೋರಿಸಿ ಮಾತಾಡುವ ಒಂದು ನಿಮಿಷದ ವಾಕ್ ಥ್ರೂ ರೆಕಾರ್ಡ್ ಮಾಡಿ. ಅದರಲ್ಲಿ ಈಗ ಎಷ್ಟು ಗಂಟೆ ಎಂದು ಬಾಯಿಬಿಟ್ಟು ಹೇಳಿ, ಆಗ ಅದನ್ನು ಲೈವ್ ಎಂದು ಹಾಕುವ ಆಸೆ ಡೆಸ್ಕ್‌ನವರಿಗೂ ಹುಟ್ಟುವುದಿಲ್ಲ. ಹೊರಗೆ ಬಂದ ಮೇಲೆ ಎಲ್ಲವನ್ನೂ ಒಟ್ಟಿಗೆ ಕಳಿಸಲು ಹೋಗಬೇಡಿ. ಫೋನಿನಲ್ಲಿ ಎಚ್‌ಡಿಯಲ್ಲಿ ಒಂದು ನಿಮಿಷ ತೆಗೆದರೆ ಹತ್ತಿರ ಹತ್ತಿರ 100 ಎಂಬಿ. ಅಪ್‌ಲೋಡ್ ವೇಗ ಒಂದು ಎಂಬಿಪಿಎಸ್ (ಸೆಕೆಂಡಿಗೆ ಒಂದು ಮೆಗಾಬಿಟ್, ಎಂಟು ಸೇರಿದರೆ ಒಂದು ಎಂಬಿ) ಇದ್ದರೆ ಅದಕ್ಕೆ 13 ನಿಮಿಷಕ್ಕೂ ಜಾಸ್ತಿ ಬೇಕು. ಡೆಸ್ಕ್‌ನವರಿಗೆ ಈ ಲೆಕ್ಕ ಗೊತ್ತಿಲ್ಲದ ಕಾರಣಕ್ಕೇ ಎರಡು ನಿಮಿಷಕ್ಕೊಮ್ಮೆ "ಬಂತಾ ಬಂತಾ" ಎಂದು ಕೇಳುವುದು, ಆ ಕಾಲ್ ಎತ್ತಿದಾಗ ಕೆಲವು ಫೋನುಗಳಲ್ಲಿ ಡೇಟಾ ನಿಂತು ಅಪ್‌ಲೋಡ್ ಮತ್ತೆ ಮೊದಲಿನಿಂದ ಶುರುವಾಗುವುದು. ಮೊದಲು ಅತಿ ಒಳ್ಳೆಯ 15 ಸೆಕೆಂಡ್, ಆಮೇಲೆ ಬೈಟ್, ಆಮೇಲೆ ಉಳಿದದ್ದು. ವಾಟ್ಸಾಪ್‌ನಲ್ಲಿ ಕಳಿಸುವುದಾದರೆ ಡಾಕ್ಯುಮೆಂಟ್ ಆಗಿ ಕಳಿಸಿ, ಮಾಮೂಲಿ ವಿಡಿಯೋ ಆಗಿ ಕಳಿಸಿದರೆ ಹಿಂಡಿ ಹಿಪ್ಪೆ ಮಾಡುತ್ತದೆ. ಫೈಲ್ ಹೆಸರಿನಲ್ಲೇ ದಿನ, ತಾಲೂಕು, ಊರು ಇರಲಿ. ಎಷ್ಟು ಹೊತ್ತು ಹಿಡಿಯುತ್ತದೆ ಎಂದು ಮೊದಲೇ ತಿಳಿಸಿ. ಡೇಟಾ ಪೂರ್ತಿ ಸತ್ತಾಗಲೂ ಮಾಮೂಲಿ ಎಸ್ಎಂಎಸ್ ಎಷ್ಟೋ ಸಲ ಹೋಗುತ್ತದೆ, ಅದನ್ನು ಮರೆಯಬೇಡಿ.

ಎರಡು ವಿಷಯ ಮಾತ್ರ ಡೆಸ್ಕ್ ಒತ್ತಾಯಿಸಿದರೂ ಒಪ್ಪಬೇಡಿ. ಒಂದು, ಕಾಣೆಯಾದವರ ಮನೆಯವರು ಪಕ್ಕದಲ್ಲಿ ನಿಂತಿರುವಾಗ ಸ್ಪೀಕರ್ ಫೋನಿನಲ್ಲಿ ಡೆಸ್ಕ್ ಜೊತೆ ಮಾತಾಡುವುದು. "ಬಾಡಿ ಸಿಕ್ತಾ" ಎನ್ನುವುದು ಡೆಸ್ಕ್‌ನವನಿಗೆ ದಿನದ ಹತ್ತನೇ ಪ್ರಶ್ನೆ, ಅಲ್ಲಿ ನಿಂತ ಹೆಂಡತಿಗೋ ತಮ್ಮನಿಗೋ ಹಾಗಲ್ಲ. ಹೆಸರನ್ನೂ ಅಷ್ಟೇ, ಮನೆಯವರಿಗೆ ತಿಳಿಯುವ ಮೊದಲು ಫೋನೋದಲ್ಲಿ ಹೇಳಬೇಡಿ. ಎರಡು, ನೌಕಾನೆಲೆ. ಕಾರವಾರದಲ್ಲಿ ಕೆಲಸ ಮಾಡುವವರಿಗೆ ಅರ್ಗಾದ ಕದಂಬ ನೌಕಾನೆಲೆ, ಕೈಗಾ ಅಣು ವಿದ್ಯುತ್ ಸ್ಥಾವರ ಎರಡೂ ಪಕ್ಕದಲ್ಲೇ ಇವೆ. "ಒಂದು ಡ್ರೋನ್ ಶಾಟ್ ಹೊಡೀರಿ" ಎಂದು ಹೇಳುವವರು ಬೆಂಗಳೂರಿನಲ್ಲಿ ಆರಾಮ ಕೂತಿರುತ್ತಾರೆ, ಠಾಣೆಗೆ ಹೋಗಬೇಕಾದವರು ನೀವು. 2025ರ ಏಪ್ರಿಲ್ 26ರಂದು ಕೇಂದ್ರ ಮಾಹಿತಿ ಮತ್ತು ಪ್ರಸಾರ ಸಚಿವಾಲಯ ಎಲ್ಲ ಚಾನೆಲ್‌ಗಳಿಗೂ ಸೂಚನೆ ಕಳಿಸಿತ್ತು, ರಕ್ಷಣಾ ಪಡೆಗಳ ಕಾರ್ಯಾಚರಣೆ, ಓಡಾಟವನ್ನು ಲೈವ್ ತೋರಿಸಬೇಡಿ ಎಂದು. ಕೇಬಲ್ ಟಿವಿ ನಿಯಮದಲ್ಲೂ ಭಯೋತ್ಪಾದನಾ ವಿರೋಧಿ ಕಾರ್ಯಾಚರಣೆಯ ಲೈವ್‌ಗೆ ನಿಷೇಧ ಇದೆ, ನಿಯೋಜಿತ ಅಧಿಕಾರಿ ಆಗಾಗ ಕೊಡುವ ವಿವರಣೆ ಮಾತ್ರ ಹಾಕಬಹುದು. ಇಂಥದ್ದನ್ನು ಕೇಳಿದರೆ ಬರವಣಿಗೆಯಲ್ಲಿ ಕಳಿಸಿ ಎನ್ನಿ. ಬರೆದು ಕಳಿಸಿ ಎಂದ ಕೂಡಲೇ ಬಹಳಷ್ಟು ಬೇಡಿಕೆಗಳು ತಾವಾಗಿಯೇ ಇಲ್ಲವಾಗುತ್ತವೆ.

ಇನ್ನು ಆ ನಕ್ಷೆ. ಒಂದು ಹಾಳೆ ತಗೊಂಡು ನಿಮ್ಮ ಓಡಾಟದ ತಾಲೂಕುಗಳನ್ನು ಬರೆಯಿರಿ. ಎಲ್ಲಿಂದ ಎಲ್ಲಿಗೆ ಬೇಸಿಗೆಯಲ್ಲಿ ಎಷ್ಟು ಹೊತ್ತು, ಮಳೆಯಲ್ಲಿ ಎಷ್ಟು ಹೊತ್ತು. ಯಾವ ಘಟ್ಟದಲ್ಲಿ ಎಲ್ಲಿಂದ ಎಲ್ಲಿಯವರೆಗೆ ಸಿಗ್ನಲ್ ಇಲ್ಲ, ಯಾವ ತಿರುವಿನಲ್ಲಿ ಯಾವ ಕಂಪನಿ ಹಿಡಿಯುತ್ತದೆ. ಒಳಗಿನ ಹಳ್ಳಿಗಳಲ್ಲಿ ಬಿಎಸ್ಎನ್ಎಲ್ ಮಾತ್ರ ಇರುವ ಕಡೆಗಳನ್ನು ಗುರುತು ಹಾಕಿ. ಮಾಜಾಳಿ ಕಡೆ ಫೋನ್ ಗೋವಾ ಟವರ್ ಹಿಡಿಯುತ್ತದೆ ಎಂದಿದ್ದರೆ ಅದನ್ನೂ ಬರೆಯಿರಿ. ಎರಡು ಶಿರೂರು, ಎರಡು ಸೇತುವೆ, ಬೇಡ್ತಿ–ಗಂಗಾವಳಿ, ಇವೆಲ್ಲ ಕೆಳಗೆ ಒಂದೊಂದು ಸಾಲು. ಮೇ ತಿಂಗಳ ಒಳಗೆ ಇನ್‌ಪುಟ್ ಡೆಸ್ಕ್‌ಗೆ ಕಳಿಸಿ, ಪ್ರಿಂಟ್ ತೆಗೆದು ಗೋಡೆಗೆ ಅಂಟಿಸಿ ಎನ್ನಿ. ಅಂಟಿಸದಿದ್ದರೂ ಪರವಾಗಿಲ್ಲ. ಮುಂದಿನ ಸಲ ಲೈನ್ ಕಟ್ಟಾಗಿ ಬೈದಾಗ ಅದೇ ಹಾಳೆಯನ್ನು ಮತ್ತೆ ಕಳಿಸಲಿಕ್ಕೆ ಆಗುತ್ತದೆ.

ಬ್ಯಾಕ್‌ಪ್ಯಾಕ್ ಕೇಳುವುದು ಬೇಡ ಅಂತ ನಾನು ಹೇಳುತ್ತಿಲ್ಲ. ಕೇಳಿ. ಇಡೀ ಜಿಲ್ಲೆಗೆ ಒಂದಾದರೂ ಕಾರವಾರದಲ್ಲೋ ಕುಮಟಾದಲ್ಲೋ ಇದ್ದರೆ ಒಳ್ಳೆಯದೇ. ಆದರೆ ಅದು ಬರುವ ತನಕ ಕೀಪ್ಯಾಡ್ ಫೋನ್, ಬೇರೆ ಬೇರೆ ಕಂಪನಿಯ ಮೂರು ಸಿಮ್, ದೊಡ್ಡ ಪವರ್ ಬ್ಯಾಂಕ್ ಎರಡು, ನೀರು ಒಳಗೆ ಹೋಗದ ಚೀಲ, ತಂತಿ ಇರುವ ಇಯರ್‌ಫೋನ್ ಒಂದು ಜಾಸ್ತಿ. ಮಳೆಯಲ್ಲಿ ಬ್ಲೂಟೂತ್ ನಂಬಬೇಡಿ. ಇದರ ಖರ್ಚನ್ನೂ ಡೇಟಾ ರೀಚಾರ್ಜ್ ಖರ್ಚನ್ನೂ ಕೈಯಿಂದ ಹಾಕಿಕೊಂಡು ಸುಮ್ಮನಿರಬೇಡಿ. ತಿಂಗಳ ಕೊನೆಗೆ ಬಿಲ್ ಮಾಡಿ ಕಳಿಸಿ. ಕೊಡುತ್ತಾರೋ ಇಲ್ಲವೋ, ಪ್ರತಿ ತಿಂಗಳೂ ಕಳಿಸಿ. ಬ್ಯಾಕ್‌ಪ್ಯಾಕ್ ಕೇಳುವ ದಿನ ಆ ಬಿಲ್‌ಗಳನ್ನೇ ಅರ್ಜಿಯ ಜೊತೆ ಇಡಿ.